ಸೇನೆ ಹೊರಟ ಮೇಲೂ ಉಳಿಯುವ ಹಿಸ್ಸಾ

(ಎಮ್ಮಿಗನೂರಿನ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ತೈಲಸಂಪನ್ನ ದೇಶವೊಂದರಲ್ಲಿ ವಿದೇಶೀ ಹಸ್ತಕ್ಷೇಪ ನಡೆದರೆ ಅಲ್ಲಿಯ ರಾಜಕೀಯದ ಗತಿ ಏನಾಗುತ್ತದೆ ಎಂಬುದು ಇಂದು ನಮಗೆ ವಹಿಸಲಾಗಿರುವ ವಿಷಯ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಈ ಊರಿಗೂ ಟೈಗ್ರಿಸ್ ದಡದ ಬಗ್ದಾದಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. 2022ರಲ್ಲಿ ರಷ್ಯಾ ಮುಂದೆ ಬರುವ ತನಕ ಕೆಲವು ವರ್ಷಗಳ ಕಾಲ ಭಾರತಕ್ಕೆ ಅತಿ ಹೆಚ್ಚು ಕಚ್ಚಾತೈಲ ಕಳುಹಿಸಿದ ದೇಶ ಇರಾಕ್. ನಮ್ಮ ಗದ್ದೆಗಳಲ್ಲಿ ಓಡುವ ಟ್ರ್ಯಾಕ್ಟರಿನ ಡೀಸೆಲಿಗೂ ಬಸ್ರಾದ ಬಾವಿಗಳಿಗೂ ನಂಟು ಇಷ್ಟು ಹತ್ತಿರದ್ದು.

ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ನಡೆಸಿದ್ದು 2003ರ ಮಾರ್ಚ್ 20ರಂದು. ಎರಡು ದಶಕಗಳು ಉರುಳಿದ ಮೇಲೆ ಅದನ್ನೇಕೆ ಕೆದಕಬೇಕು ಎಂಬ ಪ್ರಶ್ನೆಯೂ ಏಳಬಹುದು. ಬಾಂಬು ಬೀಳುವಾಗ ಇಡೀ ಜಗತ್ತು ನೋಡುತ್ತದೆ; ಕ್ಯಾಮರಾಗಳು ಹೊರಟುಹೋದ ಮೇಲೆ ಅಲ್ಲಿ ಏನು ಉಳಿಯಿತು ಎಂದು ನೋಡುವವರು ವಿರಳ. ಹಾಗೆ ಉಳಿದುಹೋದ ಸಂಗತಿಯ ಕುರಿತೇ ನಾವು ಇಂದು ಮಾತನಾಡಬೇಕೆಂದಿದ್ದೇವೆ. ಅದಕ್ಕೆ ಮುನ್ನ ನಾವು ಕುಳಿತಿರುವ ಈ ನೆಲದ ಚರಿತ್ರೆಯನ್ನೊಮ್ಮೆ ನೆನಪಿಸಿಕೊಳ್ಳುವುದು ಉಚಿತ.

1798ರಲ್ಲಿ ಹೈದರಾಬಾದಿನ ನಿಜಾಮ ಅಲಿ ಖಾನರು ಈಸ್ಟ್ ಇಂಡಿಯಾ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ಶಾಲೆಯ ಪಾಠದಲ್ಲಿ ಓದಿದ ‘ಸಹಾಯಕ ಸೈನ್ಯ ಪದ್ಧತಿ’ ಅದು. ಸೈನ್ಯ ಕಂಪೆನಿಯದು, ಅದನ್ನು ನಡೆಸುವ ಅಧಿಕಾರ ಕಂಪೆನಿಯ ಅಧಿಕಾರಿಗಳದು, ಅದರ ಖರ್ಚು ಮಾತ್ರ ನಿಜಾಮರದು. ಎರಡೇ ವರ್ಷಗಳಲ್ಲಿ, ಅಂದರೆ 1800ರ ಅಕ್ಟೋಬರ್‌ನಲ್ಲಿ, ಆ ಖರ್ಚಿನ ಬಾಬ್ತಿಗೆಂದು ನಿಜಾಮರು ಟಿಪ್ಪು ಸುಲ್ತಾನರೊಂದಿಗಿನ ಯುದ್ಧಗಳಲ್ಲಿ ತಮ್ಮ ಪಾಲಿಗೆ ಬಂದಿದ್ದ ಪ್ರದೇಶಗಳನ್ನೇ ಕಂಪೆನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಹೀಗೆ ಕೈಬದಲಾದವು. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಆಗ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು ಕಂದಾಯ ಗೊತ್ತುಪಡಿಸಿದ. ಈ ಸೀಮೆಯ ರೈತರನ್ನು ಕೇಳಿದವರು ಯಾರೂ ಇಲ್ಲ. ರಕ್ಷಣೆಗೆಂದು ಬಂದ ಸೈನ್ಯದ ಸಂಬಳಕ್ಕೆ ಈ ನೆಲವೇ ಬೆಲೆಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಮದ್ರಾಸಿನ ಆಡಳಿತವೇ ಇಲ್ಲಿ ಮುಂದುವರಿಯಿತು. ಬಿಕ್ಕಟ್ಟಿನ ಒಂದು ಗಳಿಗೆಯಲ್ಲಿ ಆದ ಏರ್ಪಾಡು ನೂರೈವತ್ತಕ್ಕೂ ಹೆಚ್ಚು ವರ್ಷ ಬಾಳಿತು. ಪರದೇಶದ ಸೇನೆಗಿಂತ ಅದು ಬರೆಸಿಕೊಳ್ಳುವ ಕಾಗದದ ಆಯುಷ್ಯ ದೀರ್ಘ ಎಂಬುದನ್ನು ಅರಿಯಲು ಬಳ್ಳಾರಿಯ ಜನ ಬಗ್ದಾದಿಗೆ ಹೋಗಬೇಕಿಲ್ಲ.

ಇನ್ನು ಇರಾಕಿನ ವಿಚಾರಕ್ಕೆ ಬರೋಣ. 2003ರ ಆಕ್ರಮಣ ಅಲ್ಲಿ ಮೊದಲನೆಯದಲ್ಲ. 1914ರ ನವೆಂಬರ್‌ನಲ್ಲಿ ಬ್ರಿಟಿಷರು ಬಸ್ರಾದ ಸಮೀಪ ಫಾವ್ ಎಂಬಲ್ಲಿ ಇಳಿಸಿದ ಪಡೆ ಬಹುಪಾಲು ಭಾರತೀಯ ಸಿಪಾಯಿಗಳದು. ಕೂತ್ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್‌ನಲ್ಲಿ ಶರಣಾದವರಲ್ಲಿಯೂ ನಮ್ಮವರು ಸಾವಿರಾರು ಮಂದಿ. 1917ರ ಮಾರ್ಚ್‌ನಲ್ಲಿ ಬಗ್ದಾದ್ ವಶವಾದಾಗ ಜನರಲ್ ಮಾಡ್ ಎಂಬ ಸೇನಾನಿ, ತಾವು ಗೆದ್ದವರಾಗಿ ಬಂದಿಲ್ಲ, ಬಿಡುಗಡೆ ಮಾಡುವವರಾಗಿ ಬಂದಿದ್ದೇವೆ ಎಂಬ ಅರ್ಥದ ಘೋಷಣೆ ಹೊರಡಿಸಿದ. ಮೂರು ವರ್ಷಗಳಲ್ಲಿ, 1920ರಲ್ಲಿ, ಇರಾಕಿನ ಜನತೆ ಶಿಯಾ-ಸುನ್ನೀ ಭೇದ ಮರೆತು ಆ ‘ಬಿಡುಗಡೆ’ಯ ವಿರುದ್ಧ ದಂಗೆಯೆದ್ದಿತು. ಬ್ರಿಟಿಷರು ವಿಮಾನಗಳಿಂದ ಬಾಂಬು ಸುರಿದು ದಂಗೆಯನ್ನು ಅಡಗಿಸಿ, 1921ರಲ್ಲಿ ಫೈಸಲ್ ಎಂಬ ಹಿಜಾಝಿನ ರಾಜಕುಮಾರನನ್ನು ತಂದು ಸಿಂಹಾಸನದಲ್ಲಿ ಕೂರಿಸಿದರು.

1927ರ ಅಕ್ಟೋಬರ್‌ನಲ್ಲಿ ಕಿರ್ಕೂಕಿನ ಬಾಬಾ ಗುರ್‌ಗುರ್‌ನಲ್ಲಿ ತೈಲ ಚಿಮ್ಮಿತು. ಮರುವರ್ಷ ಕಂಪೆನಿಯ ಪಾಲು ಹಂಚಿಕೆ ಇತ್ಯರ್ಥವಾಯಿತು. ಬ್ರಿಟಿಷ್ ಕಂಪೆನಿಗೆ ಶೇ. 23.75, ಶೆಲ್ ಕಂಪೆನಿಗೆ ಶೇ. 23.75, ಫ್ರೆಂಚರಿಗೆ ಶೇ. 23.75, ಅಮೆರಿಕನ್ನರ ಗುಂಪಿಗೆ ಶೇ. 23.75, ಈ ವ್ಯವಹಾರವನ್ನು ಕುದುರಿಸಿದ ಗುಲ್ಬೆಂಕಿಯನ್ ಎಂಬ ವ್ಯಾಪಾರಿಗೆ ಶೇ. 5. ಕೂಡಿಸಿ ನೋಡಿದರೆ ನೂರು ಭರ್ತಿಯಾಯಿತು. ನೆಲದ ಒಡೆಯರಾದ ಇರಾಕಿಗಳ ಪಾಲು ಎಲ್ಲಿ? ಅವರಿಗೆ ದೊರೆತದ್ದು ರಾಯಧನ ಮಾತ್ರ, ಒಡೆತನದ ಪಾಲಿಲ್ಲ. ಆ ಕಂಪೆನಿಯನ್ನು ಇರಾಕ್ ರಾಷ್ಟ್ರೀಕರಣ ಮಾಡಲು 1972ರ ಜೂನ್ ಬರಬೇಕಾಯಿತು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಅಮೆರಿಕವನ್ನು ಖಂಡಿಸುವ ಭರದಲ್ಲಿ ಸದ್ದಾಮ್ ಹುಸೇನರನ್ನು ವೀರಪುರುಷನಂತೆ ಚಿತ್ರಿಸುವ ಪ್ರವೃತ್ತಿ ನಮ್ಮ ಸಮುದಾಯದಲ್ಲಿದೆ. 1988ರ ಮಾರ್ಚ್‌ನಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸಾವಿರಾರು ಕುರ್ದ್ ಜನರನ್ನು, ಅವರಲ್ಲಿ ಹಸುಳೆಗಳನ್ನೂ, ಕೊಂದದ್ದು ಅದೇ ಸರಕಾರ. ಅಳಿದವರು ಮುಸ್ಲಿಮರು, ಅಳಿಸಿದವರೂ ಮುಸ್ಲಿಮರು. 1990ರ ಆಗಸ್ಟ್ 2ರಂದು ತೈಲಸಂಪನ್ನವಾದ ಪುಟ್ಟ ಕುವೈತನ್ನು ನುಂಗಿದ್ದೂ ಅದೇ ಸರಕಾರ. ಅದೂ ವಿದೇಶೀ ಆಕ್ರಮಣವೇ ಅಲ್ಲವೇ? ನಮ್ಮ ಕರಾವಳಿಯ ಎಷ್ಟೋ ಮನೆಗಳು ಅದರ ಬಿಸಿಯನ್ನು ಉಂಡವು. ಬದುಕಿನ ದುಡಿಮೆಯನ್ನೆಲ್ಲ ಅಲ್ಲೇ ಬಿಟ್ಟು, ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿ ಲಕ್ಷಕ್ಕೂ ಹೆಚ್ಚು ಭಾರತೀಯರು ಬರಿಗೈಯಲ್ಲಿ ತಾಯ್ನಾಡಿಗೆ ಮರಳಿದರು. ಸರ್ವಾಧಿಕಾರಿಯ ಅನ್ಯಾಯವನ್ನು ಅನ್ಯಾಯವೆಂದು ಹೇಳದ ಬಾಯಿಗೆ ಸಾಮ್ರಾಜ್ಯಶಾಹಿಯ ಅನ್ಯಾಯವನ್ನು ಖಂಡಿಸುವ ನೈತಿಕ ಬಲ ಬರುವುದಿಲ್ಲ.

ಆದರೆ ಅಮೆರಿಕ 2003ರಲ್ಲಿ ಹೋದದ್ದು ಹಲಬ್ಜಾದ ನ್ಯಾಯಕ್ಕಾಗಿ ಅಲ್ಲ. ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳಿವೆ ಎಂಬುದು ಕೊಟ್ಟ ಕಾರಣ. ಅಮೆರಿಕದ್ದೇ ಶೋಧನಾ ತಂಡ ಇಡೀ ದೇಶವನ್ನು ಜಾಲಾಡಿ, ಅಂತಹ ದಾಸ್ತಾನು ಇರಲಿಲ್ಲವೆಂದು 2004ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ದಾಳಿ ಕಾನೂನುಬಾಹಿರವಾಗಿತ್ತು ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅದೇ ವರ್ಷ ಹೇಳಿದರು. ಏಪ್ರಿಲ್ 9ರಂದು ಬಗ್ದಾದ್ ಪತನವಾದಾಗ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಸಾವಿರಾರು ವರ್ಷಗಳಷ್ಟು ಹಳೆಯ ಸುಮಾರು 15,000 ವಸ್ತುಗಳು ಲೂಟಿಯಾದವು. ತೈಲ ಸಚಿವಾಲಯದ ಮುಂದೆ ಮಾತ್ರ ಅಮೆರಿಕದ ಟ್ಯಾಂಕುಗಳು ಕಾವಲು ನಿಂತಿದ್ದವು. ಯಾವುದು ಅಮೂಲ್ಯ, ಯಾವುದು ಅಲ್ಲ ಎಂಬುದು ಅಂದೇ ತೀರ್ಮಾನವಾಗಿತ್ತು.

ಬಂಧುಗಳೇ, ಇರಾಕಿನ ಭವಿಷ್ಯವನ್ನು ಕೆಡಿಸಿದ ನಿರ್ಧಾರಗಳು ಬಂದದ್ದು ಇದರ ನಂತರ. ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ 2003ರ ಮೇ 16ರಂದು ಹೊರಡಿಸಿದ ಮೊದಲ ಆಜ್ಞೆ ಬಾತ್ ಪಕ್ಷದ ಸದಸ್ಯರನ್ನು ಸರಕಾರಿ ಸೇವೆಯಿಂದ ಕಿತ್ತುಹಾಕಿತು. ಉದ್ಯೋಗ ಉಳಿಸಿಕೊಳ್ಳಲು ಪಕ್ಷದ ಸದಸ್ಯತ್ವ ಪಡೆದಿದ್ದ ಶಾಲಾ ಶಿಕ್ಷಕರೂ ಬೀದಿಗೆ ಬಿದ್ದರು. ಮೇ 23ರ ಎರಡನೆಯ ಆಜ್ಞೆ ಇರಾಕಿನ ಸೇನೆಯನ್ನೇ ವಿಸರ್ಜಿಸಿತು. ಸುಮಾರು 4 ಲಕ್ಷ ಮಂದಿ ಸಂಬಳವಿಲ್ಲದೆ, ಆದರೆ ಬಂದೂಕಿನ ವಿದ್ಯೆಯೊಂದಿಗೆ, ಮನೆಗೆ ಮರಳಿದರು. ಜುಲೈ 13ರಂದು ಆಡಳಿತ ಮಂಡಳಿಯ ರಚನೆಯಾಯಿತು. 25 ಸದಸ್ಯರಲ್ಲಿ 13 ಶಿಯಾ, 5 ಸುನ್ನೀ ಅರಬರು, 5 ಕುರ್ದರು, ಒಬ್ಬ ತುರ್ಕಮನ್, ಒಬ್ಬ ಅಸ್ಸೀರಿಯನ್ ಕ್ರೈಸ್ತ. ವಿಪರ್ಯಾಸವೆಂದರೆ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಹಮೀದ್ ಮಜೀದ್ ಮೂಸಾರನ್ನೂ ಶಿಯಾ ಲೆಕ್ಕಕ್ಕೇ ಸೇರಿಸಲಾಯಿತು. ಒಬ್ಬ ಮನುಷ್ಯ ಯಾವ ವಿಚಾರವನ್ನು ನಂಬುತ್ತಾನೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಯಾವ ಮನೆಯಲ್ಲಿ ಹುಟ್ಟಿದ ಎಂಬುದಷ್ಟೇ ಬಂತು.

ಹಿಸ್ಸಾ ಎಂಬ ಶಬ್ದ ಇಲ್ಲಿರುವ ಪ್ರತಿ ರೈತನಿಗೂ ಪರಿಚಿತ. ತಂದೆಯ ಹೊಲ ಅಣ್ಣತಮ್ಮಂದಿರಲ್ಲಿ ಭಾಗವಾದಾಗ ಪಹಣಿಯಲ್ಲಿ ಸರ್ವೆ ನಂಬರಿನ ಜೊತೆಗೆ ಹಿಸ್ಸಾ ನಂಬರು ಬಂದು ಕೂರುತ್ತದೆ. ಶಬ್ದ ಅರಬಿಯಿಂದ ಬಂದದ್ದು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ ‘ಮುಹಾಸಸಾ’. ತಮ್ಮ ದೇಶದ ರಾಜಕೀಯ ಪದ್ಧತಿಯನ್ನು ಇರಾಕಿನ ಜನ ಕರೆಯುವುದು ಆ ಹೆಸರಿನಿಂದ. ಅದರಂತೆ ಪ್ರಧಾನಿ ಪದ ಶಿಯಾಗಳಿಗೆ, ರಾಷ್ಟ್ರಾಧ್ಯಕ್ಷ ಪದ ಕುರ್ದರಿಗೆ, ಸಂಸತ್ತಿನ ಸ್ಪೀಕರ್ ಪದ ಸುನ್ನೀಗಳಿಗೆ. ಸಂವಿಧಾನದಲ್ಲಿ ಹೀಗೆಂದು ಬರೆದಿಲ್ಲ, ರೂಢಿಯಾಗಿ ನಿಂತಿದೆ. ಸಚಿವಾಲಯಗಳೂ ಪಕ್ಷಗಳ ನಡುವೆ ಪಾಲಾದವು. ಒಂದು ಸಚಿವಾಲಯ ಒಂದು ಪಕ್ಷದ ಕೈಗೆ ಬಂತೆಂದರೆ ಅಲ್ಲಿಯ ನೇಮಕಾತಿ, ಗುತ್ತಿಗೆ, ಬಿಲ್ಲು ಎಲ್ಲವೂ ಆ ಪಕ್ಷದ ಮನೆಯ ಬಾಬ್ತು.

ಈ ಪಾಲುಗಾರಿಕೆಯ ಹೊಣೆಯನ್ನೆಲ್ಲ ಅಮೆರಿಕದ ತಲೆಗೆ ಕಟ್ಟುವುದೂ ಸರಿಯಲ್ಲ. ಸದ್ದಾಮರ ವಿರೋಧಿಗಳು 1992ರಷ್ಟು ಹಿಂದೆಯೇ ಇಂತಹ ಲೆಕ್ಕಾಚಾರಕ್ಕೆ ಒಪ್ಪಿದ್ದರು. ಆಕ್ರಮಣಕಾರರು ಅದಕ್ಕೆ ಅಧಿಕಾರದ ಮೊಹರು ಒತ್ತಿದರು. ರುಚಿ ಹತ್ತಿದ ನಾಯಕರು ಅದನ್ನು ಬಿಡಲಿಲ್ಲ.

ಹಣದ ಮಾತನ್ನೂ ಗಮನಿಸಬೇಕು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2003ರ ಮೇ 22ರ ನಿರ್ಣಯದ ಪ್ರಕಾರ ಇರಾಕಿನ ತೈಲದ ಆದಾಯ ಒಂದು ನಿಧಿಗೆ ಸೇರಬೇಕಾಯಿತು. ಆ ನಿಧಿಯ ಖಾತೆ ಇದ್ದದ್ದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಹೊರಟ ಮೇಲೂ ತೈಲದ ಡಾಲರುಗಳು ನ್ಯೂಯಾರ್ಕಿನ ಮೂಲಕವೇ ಹರಿದವು. 2020ರ ಜನವರಿಯಲ್ಲಿ ಬಗ್ದಾದ್ ವಿಮಾನ ನಿಲ್ದಾಣದ ಬಳಿ ಅಮೆರಿಕ ಇರಾನಿನ ಸೇನಾನಿ ಕಾಸಿಂ ಸುಲೈಮಾನಿಯನ್ನು ಕೊಂದಾಗ ಇರಾಕಿನ ಸಂಸತ್ತು ವಿದೇಶೀ ಸೇನೆ ಹೊರಹೋಗಬೇಕೆಂದು ನಿರ್ಣಯ ಮಾಡಿತು. ಆ ಖಾತೆಯ ಬಾಗಿಲು ಮುಚ್ಚಬಹುದೆಂಬ ಎಚ್ಚರಿಕೆ ಒಡನೆಯೇ ಬಂತು ಎಂದು ಪತ್ರಿಕೆಗಳು ವರದಿ ಮಾಡಿದವು. ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿರುವಾಗ ಮನೆ ನಮ್ಮದೆಂದು ಹೇಳಿ ಫಲವೇನು?

ಪರಿಣಾಮ ಏನಾಯಿತು? 2006ರ ಫೆಬ್ರವರಿಯಲ್ಲಿ ಸಾಮರ್ರಾದ ಅಸ್ಕರಿ ದರ್ಗಾದ ಚಿನ್ನದ ಗುಮ್ಮಟ ಸ್ಫೋಟಕ್ಕೆ ಸಿಲುಕಿತು. ಆನಂತರದ ಎರಡು ವರ್ಷ ಬಗ್ದಾದಿನ ಮೊಹಲ್ಲಾಗಳಲ್ಲಿ ಹೆಸರು ಕೇಳಿ ಕೊಲ್ಲುವ ಕಾಲ. ಉಮರ್ ಎಂಬ ಹೆಸರು ಒಂದು ಬೀದಿಯಲ್ಲಿ ಅಪಾಯ, ಅಲಿ ಎಂಬ ಹೆಸರು ಇನ್ನೊಂದು ಬೀದಿಯಲ್ಲಿ ಅಪಾಯ. ನಮ್ಮ ಮನೆಗಳಲ್ಲಿ ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಇಡುವ ಹೆಸರುಗಳಲ್ಲವೇ ಇವು? ‘ಇರಾಕ್ ಬಾಡಿ ಕೌಂಟ್’ ಸಂಸ್ಥೆ 2003ರಿಂದ ದಾಖಲಿಸಿರುವ ನಾಗರಿಕರ ಸಾವುಗಳೇ 1.8 ಲಕ್ಷಕ್ಕಿಂತ ಹೆಚ್ಚು.

2014ರ ಜೂನ್‌ನಲ್ಲಿ ಮೋಸುಲ್ ನಗರ ಐಸಿಸ್ ಉಗ್ರರ ಕೈಗೆ ಬಿತ್ತು. ಅವರಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದ ಸೇನೆ ಓಡಿದ್ದೇಕೆ? ಅದೇ ವರ್ಷದ ಕೊನೆಗೆ ಪ್ರಧಾನಿ ಹೈದರ್ ಅಲ್ ಅಬಾದಿ ಸಂಸತ್ತಿಗೆ ಉತ್ತರದ ಒಂದು ಭಾಗವನ್ನು ಕೊಟ್ಟರು: ಸೇನೆಯ ಸಂಬಳದ ಪಟ್ಟಿಯಲ್ಲಿ 50,000 ಸೈನಿಕರು ಹೆಸರಿಗಷ್ಟೇ ಇದ್ದರು. ಬೋಗಸ್ ರೇಷನ್ ಕಾರ್ಡಿನ ಕಥೆ ಬಲ್ಲ ನಮಗೆ ಇದು ಅರ್ಥವಾಗದ ವಿಷಯವಲ್ಲ. ಐಸಿಸ್‌ಗೆ ಯುದ್ಧತಂತ್ರ ಕಲಿಸಿದವರಲ್ಲಿ 2003ರಲ್ಲಿ ಮನೆಗೆ ಕಳುಹಿಸಲ್ಪಟ್ಟ ಹಳೆಯ ಅಧಿಕಾರಿಗಳಿದ್ದರು. ಹೊಟ್ಟೆಪಾಡಿಗೆಂದು ಹೋಗಿದ್ದ 39 ಮಂದಿ ಭಾರತೀಯ ಕಾರ್ಮಿಕರು ಮೋಸುಲ್‌ನಲ್ಲಿ ಕೊಲೆಯಾದರು. ಸುದ್ದಿ ಖಚಿತವಾಗಿ ಅವರ ಮನೆ ತಲುಪಿದ್ದು 2018ರ ಮಾರ್ಚ್‌ನಲ್ಲಿ. ಮಗನನ್ನು ಪರದೇಶಕ್ಕೆ ಕಳುಹಿಸಿದ ತಾಯಂದಿರು ಈ ಸಭೆಯಲ್ಲೂ ಇರಬಹುದು. ನಾಲ್ಕು ವರ್ಷಗಳ ಆ ನಿರೀಕ್ಷೆ ಎಂತಹುದೆಂದು ಅವರಿಗೆ ವಿವರಿಸಬೇಕಿಲ್ಲ.

ಬಸ್ರಾ ಇರಾಕಿನ ತೈಲದ ಕಣಜ. 2018ರ ಬೇಸಿಗೆಯಲ್ಲಿ ಅಲ್ಲಿ ನಲ್ಲಿಯ ನೀರು ಕುಡಿದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ‘ತೈಲ ಮತ್ತು ಅನಿಲ ಇರಾಕಿನ ಸಮಸ್ತ ಜನತೆಯ ಸ್ವತ್ತು’ ಎಂಬ ಅರ್ಥದ ಮಾತು 2005ರ ಸಂವಿಧಾನದಲ್ಲಿದೆ. ಸ್ವತ್ತಿನ ಒಡೆಯರಿಗೆ ಕುಡಿಯುವ ನೀರಿಲ್ಲ.

2019ರ ಅಕ್ಟೋಬರ್‌ನಲ್ಲಿ ಆ ಜನತೆಯ ತಾಳ್ಮೆ ಮುಗಿಯಿತು. ಬಗ್ದಾದ್, ಬಸ್ರಾ, ನಾಸಿರಿಯಾ, ಕರ್ಬಲಾಗಳಲ್ಲಿ ಬೀದಿಗಿಳಿದವರು ಬಹುತೇಕ ಶಿಯಾ ಮನೆಗಳ ಯುವಕ ಯುವತಿಯರು. ಅವರು ಎದುರಿಸಿದ್ದು ಶಿಯಾ ಪಕ್ಷಗಳ ನೇತೃತ್ವದ ಸರಕಾರವನ್ನು. ನಮಗೆ ಒಂದು ತಾಯ್ನಾಡು ಬೇಕು ಎಂಬುದು ಅವರ ಕೂಗು. ಅಮೆರಿಕಕ್ಕೂ ಬೇಡ, ಇರಾನಿಗೂ ಬೇಡ ಎಂದರು. ನಜಫ್‌ನಲ್ಲಿ ಇರಾನಿನ ದೂತಕಚೇರಿಗೇ ಬೆಂಕಿ ಬಿತ್ತು. 500ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಪ್ರಧಾನಿ ಆದಿಲ್ ಅಬ್ದುಲ್ ಮಹ್ದಿ ರಾಜೀನಾಮೆ ಕೊಟ್ಟರು. ಮುಹಾಸಸಾ ಹೋಗಲಿಲ್ಲ. ಆದರೆ ಹಿಸ್ಸಾದಾರರ ಮಕ್ಕಳೇ ಹಿಸ್ಸಾ ಬೇಡವೆಂದು ಎದ್ದು ನಿಂತದ್ದು ಇರಾಕಿನ ಇತ್ತೀಚಿನ ಚರಿತ್ರೆಯಲ್ಲಿ ಭರವಸೆಯ ಘಟನೆ.

ಲಿಬಿಯಾದ ಕಥೆಯೂ ಬೇರೆಯಲ್ಲ. 2011ರ ಮಾರ್ಚ್‌ನಲ್ಲಿ ಜನರನ್ನು ರಕ್ಷಿಸುವ ಹೆಸರಿನಲ್ಲಿ ನ್ಯಾಟೋ ದೇಶಗಳ ವಿಮಾನಗಳು ಹಾರಿದವು. ಭದ್ರತಾ ಮಂಡಳಿಯ ಆ ಮತದಾನದಲ್ಲಿ ಭಾರತ ತಟಸ್ಥವಾಗಿತ್ತು. ಅಕ್ಟೋಬರ್ 20ರಂದು ಗದ್ದಾಫಿ ಹತರಾದರು. 2014ರಿಂದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಅಧಿಕಾರ ಕೇಂದ್ರ. 2023ರ ಸೆಪ್ಟೆಂಬರ್‌ನಲ್ಲಿ ದರ್ನಾ ನಗರದ ಮೇಲ್ಭಾಗದ ಎರಡು ಅಣೆಕಟ್ಟುಗಳು ಒಡೆದು ಸಾವಿರಾರು ಜನ ಕೊಚ್ಚಿಹೋದರು. ವರ್ಷಗಳಿಂದ ದುರಸ್ತಿ ಕಾಣದ ಅಣೆಕಟ್ಟುಗಳವು. ಒಂದು ಅಣೆಕಟ್ಟಿನ ಕೆಳಗೆ ಬಾಳುತ್ತಿರುವ ನಮಗೆ ಸರಕಾರ ಎಂಬುದು ಇಲ್ಲದಿದ್ದರೆ ಏನಾಗುತ್ತದೆ ಎಂಬುದರ ಅರಿವು ಇರಬೇಕು.

ನಮ್ಮ ದೇಶ ಆಗ ಏನು ಮಾಡಿತು ಎಂಬುದೂ ನೆನಪಿರಲಿ. 2003ರ ಏಪ್ರಿಲ್ 8ರಂದು ಲೋಕಸಭೆ ಇರಾಕ್ ಮೇಲಿನ ಆಕ್ರಮಣದ ವಿರುದ್ಧ ನಿರ್ಣಯ ಅಂಗೀಕರಿಸಿತು. ಹಿಂದಿ ಪಾಠದಲ್ಲಿ ಬಳಸಿದ ಶಬ್ದ ‘ನಿಂದಾ’. ಅಮೆರಿಕ ಭಾರತದ ಸೈನ್ಯವನ್ನು ಇರಾಕಿಗೆ ಕೇಳಿತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದೆಂದು ವಾಜಪೇಯಿ ಸರಕಾರ ಜುಲೈ 14ರಂದು ಉತ್ತರಿಸಿತು. 1914ರಲ್ಲಿ ಭಾರತದ ಸಿಪಾಯಿಗೆ ಬೇಡ ಎನ್ನುವ ಹಕ್ಕಿರಲಿಲ್ಲ. 2003ರಲ್ಲಿ ಭಾರತಕ್ಕೆ ಇತ್ತು, ಅದನ್ನು ಅದು ಬಳಸಿತು. ಸ್ವಾತಂತ್ರ್ಯವೆಂದರೆ ಇದೇ. ಒಳ್ಳೆಯ ನಿರ್ಧಾರವನ್ನು ಯಾವ ಪಕ್ಷದ ಸರಕಾರ ಕೈಗೊಂಡರೂ ಒಳ್ಳೆಯದೆನ್ನುವ ಔದಾರ್ಯ ನಮಗಿರಬೇಕು.

ಈಗ ನಮ್ಮ ಸುತ್ತಲಿನ ಬೆಟ್ಟಗಳತ್ತ ನೋಡೋಣ. ಸಂಡೂರು, ಹೊಸಪೇಟೆಗಳ ಕೆಂಪು ಅದಿರು ಚೀನಾದ ಹಡಗುಗಳನ್ನು ತುಂಬಿದ ಕಾಲವನ್ನು ತಾವೆಲ್ಲ ಕಂಡಿದ್ದೀರಿ. ಇಲ್ಲಿಗೆ ಯಾವ ವಿದೇಶೀ ಸೇನೆಯೂ ಬರಲಿಲ್ಲ. ಆದರೂ ಅಕ್ರಮವಾಗಿ ಬೆಟ್ಟ ಕರಗಿತು, ಗಡಿಗುರುತುಗಳು ಅಳಿದವು, ರಸ್ತೆಗಳು ಲಾರಿಗಳ ಚಕ್ರಕ್ಕೆ ನುಚ್ಚುನೂರಾದವು, ಧೂಳು ನಮ್ಮ ಮಕ್ಕಳ ಎದೆ ಸೇರಿತು. ನೆಲದೊಳಗೆ ನಿಧಿಯಿದ್ದು ನೆಲದ ಮೇಲೆ ಲೆಕ್ಕವಿಲ್ಲದಿದ್ದರೆ ಆಗುವುದೇ ಹೀಗೆ. ಹಾಗಾದರೆ ನಾವು ಬಸ್ರಾ ಆಗಲಿಲ್ಲವೇಕೆ? ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಕೊಟ್ಟರು. ಎರಡೇ ದಿನಗಳಲ್ಲಿ ಸುಪ್ರೀಮ್ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಕೇಳುವ ಅಧಿಕಾರಿ ಇದ್ದ, ಆಲಿಸುವ ನ್ಯಾಯಾಲಯ ಇತ್ತು, ಸುದ್ದಿ ಬರೆಯುವ ಪತ್ರಿಕೆಗಳಿದ್ದವು. ಆದ ನಷ್ಟವೆಲ್ಲ ಮರಳಿ ಬರಲಿಲ್ಲ, ನಿಜ. ಆದರೆ ಲೆಕ್ಕ ಕೇಳುವ ಸಂಸ್ಥೆಗಳು ಜೀವಂತವಾಗಿದ್ದವು. ಇರಾಕಿನಲ್ಲಿ ಸರ್ವಾಧಿಕಾರಿ ಮೊದಲು ಅವುಗಳನ್ನು ಕೊಂದ. ಆಕ್ರಮಣಕಾರರು ಅಳಿದುಳಿದ ಸರಕಾರಿ ಯಂತ್ರವನ್ನು ಕೆಡವಿದರು. ಹಿಸ್ಸಾದಾರರು ಅವಶೇಷಗಳನ್ನು ಹಂಚಿಕೊಂಡರು.

ಕನ್ನಡದ ಕಚೇರಿಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆದಿಡುವುದು. ನಮ್ಮ ಮನೆಗಳಲ್ಲಿ ‘ಅಮಾನತ್’ ಎಂದರೆ ನಂಬಿಕೆಯಿಂದ ಒಪ್ಪಿಸಿದ, ಹಾಗೆಯೇ ಮರಳಿಸಬೇಕಾದ ವಸ್ತು. ತೈಲವಾಗಲಿ, ಅದಿರಾಗಲಿ, ಇಂದಿನ ತಲೆಮಾರಿನ ಬಳಿ ಮುಂದಿನವರು ಇಟ್ಟ ಅಮಾನತ್. ಅದರಲ್ಲಿ ಶಿಯಾ ಪಾಲು, ಸುನ್ನೀ ಪಾಲು, ಜಾತಿಯ ಪಾಲು ಎಂಬುದಿಲ್ಲ. ಕಾಯುವವನ ಧರ್ಮ ಯಾವುದೆಂದು ಕೇಳುವುದಕ್ಕಿಂತ ಕಾಯುವವನು ಲೆಕ್ಕ ಒಪ್ಪಿಸುತ್ತಾನೆಯೇ ಎಂದು ಕೇಳುವುದು ಮುಖ್ಯ.

ಹಾಗಿದ್ದರೆ ನಾವು ಮಾಡಬೇಕಾದುದೇನು? ಬಗ್ದಾದಿಗಾಗಿ ಕಣ್ಣೀರಿಟ್ಟು, ಘೋಷಣೆ ಕೂಗಿ ಮನೆಗೆ ಹೋದರೆ ಕರ್ತವ್ಯ ಮುಗಿಯುವುದಿಲ್ಲ. ಶಿಯಾ, ಸುನ್ನೀ, ಆ ಮಸ್ಲಕ್, ಈ ಮಸ್ಲಕ್ ಎಂದು ಒಬ್ಬರು ಇನ್ನೊಬ್ಬರ ಸಲಾಮಿಗೆ ಉತ್ತರಿಸದ ಪರಿಸ್ಥಿತಿ ನಮ್ಮ ಪಟ್ಟಣಗಳಲ್ಲಿ ಇಲ್ಲವೆನ್ನಲು ಸಾಧ್ಯವೇ? ಬಗ್ದಾದಿನಲ್ಲಿ ಬಂದೂಕು ಹಿಡಿದು ನಿಂತ ದ್ವೇಷ ಮೊದಲು ಇಂತಹ ಮೌನವಾಗಿಯೇ ಇತ್ತು. ನಮ್ಮ ಮಸೀದಿಯ, ವಕ್ಫ್ ಆಸ್ತಿಯ ವಾರ್ಷಿಕ ಲೆಕ್ಕವನ್ನು ಗೋಡೆಗೆ ಅಂಟಿಸುವ ಪದ್ಧತಿ ಎಷ್ಟು ಊರುಗಳಲ್ಲಿದೆ? ಗ್ರಾಮ ಸಭೆ ಸೇರಿದಾಗ ಗಣಿ ಬಾಧಿತ ಪ್ರದೇಶಗಳ ಹಣ ಎಲ್ಲಿ ವ್ಯಯವಾಯಿತೆಂದು ಎದ್ದು ಕೇಳುವ ಯುವಕರು ಎಷ್ಟಿದ್ದಾರೆ? ಹಿಂದೂ ನೆರೆಯವರೊಡನೆ ಕೂಡಿ ಕೇಳಿದರೆ ಆ ಧ್ವನಿಗೆ ಬಲ ಹೆಚ್ಚು. ನೀರು, ರಸ್ತೆ, ಶಾಲೆ ಎರಡೂ ಮನೆಗಳಿಗೆ ಒಂದೇ.

ಪರರ ಸೇನೆ ಬರುವುದನ್ನು ತಡೆಯುವ ಶಕ್ತಿ ಸಾಮಾನ್ಯ ಜನರಿಗೆ ಇಲ್ಲದಿರಬಹುದು. ಆದರೆ ಯಾರಾದರೂ ಬಂದು ‘ನಿನ್ನ ಹಿಸ್ಸಾ ಇದು, ಅವನ ಹಿಸ್ಸಾ ಅದು’ ಎಂದಾಗ ‘ಹೊಲವನ್ನು ಭಾಗ ಮಾಡಬಹುದು, ಊರನ್ನಲ್ಲ’ ಎಂದು ಉತ್ತರಿಸುವ ಶಕ್ತಿ ನಮಗಿದೆ. ಇರಾಕಿನ ಮಕ್ಕಳು ಪ್ರಾಣ ಕೊಟ್ಟು ಹೇಳಿದ ಈ ಮಾತನ್ನು ನಾವು ಶಾಂತಿಯಿಂದ ಬದುಕುತ್ತಿರುವಾಗಲೇ ಹೇಳುವುದನ್ನು ಕಲಿಯೋಣ.